ಹತ್ತು ಗಂಟೆ ಮೇಲೆ ಏನ್ ಮಾಡೋದು ಅಂದ ತಮ್ಮಂಗೆ

ಲೋ ತಮ್ಮಾ, ನಮ್ಮನೆ ಗ್ರೂಪಲ್ಲಿ ನಿನ್ ಮೆಸೇಜು ಬೆಳಿಗ್ಗೇನೇ ನೋಡ್ದೆ, ರಿಟೈರ್ ಆದ್ಮೇಲೆ ಹತ್ತು ಗಂಟೆಗೆ ಪೇಪರ್ ಓದಿ ಮುಗಿಯತ್ತೆ ಆಮೇಲೆ ಏನ್ ಮಾಡ್ಬೇಕೋ ತೋಚಲ್ಲ ಅಂದಿದ್ಯಲ್ಲ, ಎಲ್ರೂ ವಾಕಿಂಗ್ ಹೋಗು ಸುಡೊಕು ಹಾಕು ಗಿಟಾರ್ ಕಲಿ ಅಂತ ಪಟ್ಟಿ ಕೊಟ್ಟಿದಾರೆ, ಕೊಡ್ಲಿ ಪಾಪ. ನೀನು ವಾಯ್ಸ್ ಮೆಸೇಜ್ ಕೇಳಲ್ಲ ಅಂತ ಗೊತ್ತು, ಅದಕ್ಕೆ ಮೈಕ್ ಒತ್ಕೊಂಡು ಮಾತಾಡಿ ಟೈಪ್ ಮಾಡಿಸ್ತಿದೀನಿ, ಉದ್ದ ಆಗತ್ತೆ, ಸಹಿಸ್ಕೋ.

ಕೆಲ್ಸ ಇದ್ದಾಗ ಒಂದಿನ ಹೋಗ್ಲಿಲ್ಲ ಅಂದ್ರೆ ಯಾಕ್ ಸಾರ್ ಬರ್ಲಿಲ್ಲ ಅಂತ ಕೇಳೋರು ಇರ್ತಿದ್ರು ನೋಡು, ರಿಟೈರ್ ಆದ್ಮೇಲೆ ಖಾಲಿ ಆಗೋದು ಆ ಜಾಗ ಕಣೋ. ಹವ್ಯಾಸ ಎಷ್ಟಿದ್ರೂ ಅದು ತುಂಬಲ್ಲ, ಗಿಟಾರ್ ಮೂಲೇಲಿಟ್ರೆ ಅದೇನು ನಿನ್ನ ಬೈಯತ್ತಾ? ನಾನೀಗ ಲೈಬ್ರರೀಲಿ ಕೂತು ಜನರಿಗೆ ಫಾರಂ ತುಂಬಿಕೊಡ್ತೀನಲ್ಲ, ಅಲ್ಲಿಗೊಬ್ರು ಅಜ್ಜಿ ಬರ್ತಾರೆ, ಪ್ಲಾಸ್ಟಿಕ್ ಕವರಲ್ಲಿ ಕಾಗದ ಸುತ್ಕೊಂಡು, ಮೊದ್ಲು ನನ್ ಕನ್ನಡಕ ಇಸ್ಕೊಂಡು ಸೆರಗಲ್ಲಿ ಒರ್ಸಿ ಕೊಟ್ಟು ಈಗ ಸರಿಯಾಗಿ ಓದಮ್ಮ ಅಂತಾರೆ. ಸ್ವಲ್ಪ ತಡ ಆದ್ರೂ ಬಾಗಿಲಲ್ಲೇ ನಿಂತಿರ್ತಾರೆ, ಅವರ ಮುಖ ನೆನೆಸ್ಕೊಂಡ್ರೆ ಸೋಮಾರಿತನ ತಾನಾಗೇ ಓಡತ್ತೆ.

ಗ್ರೂಪಲ್ಲಿ ಯಾರೋ ಫೌಜಾ ಸಿಂಗ್ ವೀಡಿಯೊ ಹಾಕಿದ್ರಲ್ಲ, 2011ರಲ್ಲಿ ಟೊರೊಂಟೊ ಮ್ಯಾರಥಾನ್ ಓಡಿದ ನೂರು ವರ್ಷದ ತಾತ, ಎಲ್ರೂ ಕೈ ಮುಗಿಯೋ ಇಮೋಜಿ ಒತ್ತಿ ಸುಮ್ನಾದ್ರಿ. ಅವ್ರು ಓಟ ಗಂಭೀರವಾಗಿ ಹಿಡಿದಿದ್ದೇ ಎಂಬತ್ತು ದಾಟಿದ್ಮೇಲೆ, ಅದೂ ಹೆಂಡ್ತಿ ಮಗ ಹೋದ ದುಃಖದಲ್ಲಿ, ಮತ್ತೆ ಎಷ್ಟೋ ಸಲ ಓಡಿದ್ದು ಚಾರಿಟಿಗೆ. ಅಲ್ಲೂ ಅಷ್ಟೇ, ಓಟದ ಆಚೆ ತುದೀಲಿ ಇನ್ಯಾರೋ ಇದ್ರು.

ಹಾಗಂತ ಮೈನ ಮರೀಬೇಡ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ ಕಮ್ಮಿ ಅಂದ್ರೂ 150 ನಿಮಿಷ ಚುರುಕಾಗಿ ನಡಿ ಅನ್ನತ್ತೆ, ಅದು ಎಲ್ರಿಗೂ ಗೊತ್ತು, ಆದ್ರೆ 65 ದಾಟಿದೋರು ವಾರಕ್ಕೆ 3 ದಿನ ಬ್ಯಾಲೆನ್ಸ್ ಅಭ್ಯಾಸ ಮಾಡ್ಬೇಕು, 2 ದಿನ ಸ್ನಾಯು ಗಟ್ಟಿ ಮಾಡೋ ಕೆಲ್ಸ ಬೇಕು ಅನ್ನೋದನ್ನ ಯಾರೂ ಫಾರ್ವರ್ಡ್ ಮಾಡಲ್ಲ. ವಯಸ್ಸಾಗ್ತಾ ಸ್ನಾಯು ಕರಗ್ತಾ ಹೋಗತ್ತೆ, ಬರೀ ವಾಕಿಂಗ್‌ಗೆ ಅದು ನಿಲ್ಲಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂತು ಎದ್ದು ಕೂತು ಮಾಡು, ಹಲ್ಲುಜ್ಜುವಾಗ ಸಿಂಕ್ ಹಿಡ್ಕೊಂಡು ಒಂದೇ ಕಾಲಲ್ಲಿ ನಿಲ್ಲು, ನಗ್ತಾರೆ, ನಗ್ಲಿ ಬಿಡು. ಆಮೇಲೆ ಕಿವಿ ಟೆಸ್ಟ್ ಮಾಡಿಸು, ಟಿವಿ ಸೌಂಡ್ ಜಾಸ್ತಿ ಮಾಡ್ತಿದೀಯಂತೆ. ಕಿವಿ ಕೇಳ್ದೇ ಇದ್ರೆ ಜನ ನಿಧಾನಕ್ಕೆ ನಾಲ್ಕು ಜನರ ಮಧ್ಯೆ ಕೂರೋದನ್ನೇ ಬಿಡ್ತಾರೆ, ನಾವು ಅವ್ರಿಗೆ ಜಂಬ ಅನ್ಕೋತೀವಿ.

ಇನ್ನೊಂದು, ಇದನ್ನ ಗ್ರೂಪಲ್ಲೇ ಹೇಳ್ತೀನಿ, ಬೇಕಾದ್ರೆ ಸಿಟ್ಟು ಮಾಡ್ಕೋ. ರಿಟೈರ್ ಆಗಿರೋದು ನೀನು, ನಿನ್ ಹೆಂಡ್ತಿ ಅಲ್ಲ. ಅಡುಗೆ ಮನೆಗೆ ಹೋಗಿ ಈ ಡಬ್ಬಿ ಇಲ್ಯಾಕಿದೆ ಆ ಡಬ್ಬಿ ಅಲ್ಯಾಕಿದೆ ಅಂತ ಮ್ಯಾನೇಜರ್‌ಗಿರಿ ಮಾಡ್ಬೇಡ, ಮಾಡೋದಾದ್ರೆ ಒಂದು ಹೊತ್ತಿನ ಕೆಲ್ಸ ಪೂರ್ತಿ ವಹಿಸ್ಕೋ, ಪಾತ್ರೆ ತೊಳ್ಯೋದೂ ಸೇರಿ.

ಹಾಂ, ನನ್ ಮೊಮ್ಮಗ ಗಣಿತದಲ್ಲಿ ಭಿನ್ನರಾಶಿ ಅರ್ಥ ಆಗ್ತಿಲ್ಲ ಅಂತ ಅಳ್ತಾ ಕೂತಿದ್ದ, ನಮ್ಮನೇಲಿ ನಿನ್ನಷ್ಟು ಚೆನ್ನಾಗಿ ಹೇಳಿಕೊಡೋರು ಯಾರೂ ಇಲ್ಲ. ನಾಳೆ ಸಂಜೆ ಆರಕ್ಕೆ ತಾತ ಕಾಲ್ ಮಾಡ್ತಾರೆ ಅಂತ ಅವನಿಗೆ ಹೇಳಿಬಿಟ್ಟಿದೀನಿ, ಪುಸ್ತಕ ತಕ್ಕೊಂಡು ಕಾಯ್ತಿರ್ತಾನೆ, ನೀನೇ ಮಾಡ್ಬೇಕು.