ಮಾವನ ಮಾಡೆಲ್ ವಿಮಾನದ 70 ಫೋರ್‌ಸ್ಟ್ರೋಕ್ ಎಂಜಿನ್ ಜಾಮ್ ಆಗಿದೆ: ಇದನ್ನೇ ಬಿಡಿಸಲಾ, 91 ತರಲಾ?

ನಾಪೋಕ್ಲು_ಬಾಲ್ಸಾ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನನ್ನ ಸೋದರಮಾವ ವಾಯುಸೇನೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು. 1970ರ ದಶಕದಲ್ಲಿ ಬೀದರ್‌ನಲ್ಲಿ ಎಚ್‌ಟಿ-2 ತರಬೇತಿ ವಿಮಾನಗಳ ಎಂಜಿನ್ ಬಿಚ್ಚಿ ಜೋಡಿಸುವುದೇ ಅವರ ಕೆಲಸ. ನಿವೃತ್ತಿಯಾಗಿ ಊರಿಗೆ ಬಂದ ಮೇಲೆ ರೇಡಿಯೊ ಕಂಟ್ರೋಲ್ ವಿಮಾನದ ಹುಚ್ಚು ಹಿಡಿಯಿತು. ಚಿಕ್ಕವಳಿದ್ದಾಗ ಪುತ್ತರಿ ಕಳೆದು ಕೊಯ್ಲು ಮುಗಿದ ಗದ್ದೆಯಲ್ಲಿ ಅವರು ಹಾರಿಸುತ್ತಿದ್ದುದನ್ನು ನೋಡಲು ನಾನು ಸ್ಟಾರ್ಟರ್ ಬ್ಯಾಟರಿ ಹೊತ್ತುಕೊಂಡು ಹೋಗುತ್ತಿದ್ದೆ. ಈಗ ಅವರಿಗೆ ಕಣ್ಣು ಮಂಜು. ವಿಮಾನ ಕಾಣಿಸುವುದಿಲ್ಲ, ಆದರೆ ಕಿವಿ ಚೆನ್ನಾಗಿದೆ. "ಒಂದು ಎಚ್‌ಟಿ-2 ಮಾಡು, ನನಗೆ ಶಬ್ದ ಕೇಳಿದರೆ ಸಾಕು" ಅಂದಿದ್ದಾರೆ. ಹಾಗಾಗಿ ಎಲೆಕ್ಟ್ರಿಕ್ ಮೋಟಾರ್ ಹಾಕಿ ಅಂತ ಯಾರೂ ಹೇಳಬೇಡಿ. ಎರಡು ವರ್ಷದಿಂದ ಫೋಮ್ ಟ್ರೇನರ್ ಹಾರಿಸುತ್ತಿದ್ದೇನೆ, ಎಲೆಕ್ಟ್ರಿಕ್ ಏನು ಅಂತ ಗೊತ್ತಿದೆ.

ಅವರ ಹಳೆಯ ಎಂಜಿನ್ ಒಂದಿದೆ. ಜಪಾನಿನದು, 70 ಅಳತೆಯ ಫೋರ್‌ಸ್ಟ್ರೋಕ್, ಅಂದರೆ 11.5 ಸಿಸಿ. ಐದು ಮಳೆಗಾಲ ಅಟ್ಟದ ಮೇಲೆ ಗೋಣಿಚೀಲದಲ್ಲಿ ಕಳೆದಿದೆ. ಪ್ರೊಪೆಲ್ಲರ್ ಹಿಡಿದು ತಿರುಗಿಸಿದರೆ ಒಂದಿಂಚೂ ಅಲ್ಲಾಡುವುದಿಲ್ಲ. ರಾಕರ್ ಕವರ್ ಬಿಚ್ಚಿ ನೋಡಿದೆ, ಒಳಗೆಲ್ಲಾ ಬೆಲ್ಲದ ಪಾಕ ಒಣಗಿದ ಹಾಗೆ ಕಂದು ಅಂಟು. ತೋಟದ ಕಳೆ ಕೊಚ್ಚುವ ಮೆಷಿನ್‌ಗಳ ಕಾರ್ಬುರೇಟರ್, ಟ್ಯಾಪೆಟ್ ಎಲ್ಲಾ ನಾನೇ ನೋಡಿಕೊಳ್ಳುವುದು, ಸ್ಪ್ಯಾನರ್ ಹಿಡಿಯಲು ಭಯವಿಲ್ಲ. ಆದರೆ ಗ್ಲೋ ಎಂಜಿನ್, ಅಂದರೆ ಕಾದ ಪ್ಲಗ್‌ನಿಂದ ಮೆಥನಾಲ್ ಉರಿಸುವ ಈ ಬಗೆಯದು, ಬಿಚ್ಚಿದ್ದಿಲ್ಲ.

ಎಚ್‌ಟಿ-2 ನಕ್ಷೆಯನ್ನು 1/6 ಅಳತೆಗೆ ಬರೆದಿದ್ದೇನೆ. ಅಸಲಿ ವಿಮಾನದ ರೆಕ್ಕೆ 10.72 ಮೀಟರ್, ನಮ್ಮದು 1.79 ಮೀಟರ್ ಆಗುತ್ತದೆ. ತೂಕ 3.5 ಕೆಜಿ ಆಸುಪಾಸು ಬರಬಹುದು. ಇದಕ್ಕೆ 70 ಸಾಕಾ, ಅದಕ್ಕಿಂತ ದೊಡ್ಡ 91 ಅಳತೆಯದು ಬೇಕಾ? ಜಾಮ್ ಆಗಿರುವುದನ್ನು ಬಿಡಿಸುವುದು ಹೇಗೆ? ಫ್ಯೂಯಲ್ ಯಾವುದು?

ಗೋಣಿಕೊಪ್ಪ_ಗ್ಲೋ:

ತಂಗೀ, ಮೊದಲು ಒಂದು ಮಾತು. ಪ್ರೊಪೆಲ್ಲರ್ ಹಿಡಿದು ಬಲ ಹಾಕಬೇಡ, ಸ್ಟಾರ್ಟರ್ ಅಂತೂ ಮುಟ್ಟಿಸಲೇಬೇಡ. ಆ ಅಂಟು ಹರಳೆಣ್ಣೆಯದು. ಮಾವ ಹರಳೆಣ್ಣೆ ಬೆರೆಸಿದ ಫ್ಯೂಯಲ್ ಹಾಕಿರಬೇಕು. ಬಿಸಿಗೆ ಅದು ವಾರ್ನಿಷ್ ಆಗಿ ಕೂರುತ್ತದೆ, ಹಾಗೇ ಬಿಟ್ಟರೆ ಗಟ್ಟಿಯಾಗುತ್ತದೆ. ಬಲ ಹಾಕಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೇ ವಾಲ್ವ್ ಗೈಡ್‌ನಲ್ಲಿ ಸಿಕ್ಕಿರುವ ವಾಲ್ವ್‌ನ ಪುಷ್‌ರಾಡ್ ಹಾಳಾಗುತ್ತದೆ.

ಹೇರ್ ಡ್ರೈಯರ್‌ನಿಂದ ಸಿಲಿಂಡರನ್ನೂ ಕ್ರ್ಯಾಂಕ್‌ಕೇಸನ್ನೂ ಕೈಗೆ ಚುರುಕ್ ಅನ್ನುವಷ್ಟು ಬಿಸಿ ಮಾಡು. ಆಮೇಲೆ ಗ್ಲೋ ಪ್ಲಗ್ ತೂತಿಗೂ ಕ್ರ್ಯಾಂಕ್‌ಕೇಸಿನ ಗಾಳಿ ಹೊರಬಿಡುವ ಬ್ರೀದರ್ ನಿಪ್ಪಲ್‌ಗೂ ಕೆಲವು ಹನಿ ಮೆಥನಾಲ್ ಬಿಟ್ಟು ಒಂದು ರಾತ್ರಿ ಇಡು. ಮೆಥನಾಲ್ ಬಿಟ್ಟ ಮೇಲೆ ಬಿಸಿ ಮಾಡಲು ಹೋಗಬೇಡ, ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಮರುದಿನ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸು. ಬಿಡುತ್ತದೆ. ನಾನು ಹೀಗೆ ನಾಲ್ಕು ಎಂಜಿನ್ ಬಿಡಿಸಿದ್ದೇನೆ.

ಬಿಟ್ಟಿತು ಅಂತ ಖುಷಿಯಲ್ಲಿ ಸ್ಟಾರ್ಟ್ ಮಾಡಬೇಡ. ನಮ್ಮ ಕೊಡಗಿನಲ್ಲಿ ಫೋರ್‌ಸ್ಟ್ರೋಕ್ ಸಾಯುವುದು ಹಾರುವಾಗ ಅಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಸುಮ್ಮನೆ ಕೂತಾಗ. ಟೂಸ್ಟ್ರೋಕ್‌ನಲ್ಲಿ ಹೊಸ ಫ್ಯೂಯಲ್ ಎಲ್ಲಾ ಕ್ರ್ಯಾಂಕ್‌ಕೇಸ್ ಮೂಲಕವೇ ಹಾದುಹೋಗುತ್ತದೆ, ಬೇರಿಂಗನ್ನು ತೊಳೆದು ಎಣ್ಣೆ ಹಚ್ಚಿಯೇ ಹೋಗುತ್ತದೆ. ಫೋರ್‌ಸ್ಟ್ರೋಕ್‌ನಲ್ಲಿ ಹಾಗಿಲ್ಲ. ಕಾರ್ಬುರೇಟರ್‌ನಿಂದ ಬರುವ ಫ್ಯೂಯಲ್ ನೇರ ಹೆಡ್‌ಗೆ ಹೋಗುತ್ತದೆ. ಕೆಳಗಿನ ಬೇರಿಂಗ್‌ಗೆ ಸಿಗುವುದು ಪಿಸ್ಟನ್ ರಿಂಗ್ ದಾಟಿ ಸೋರಿದ್ದು ಮಾತ್ರ. ಅದರಲ್ಲಿ ಎಣ್ಣೆ ಇರುತ್ತದೆ ನಿಜ, ಆದರೆ ಉರಿದ ಅನಿಲದ ನೀರೂ ಇರುತ್ತದೆ, ಫ್ಯೂಯಲ್‌ಗೆ ನೈಟ್ರೊ (ನೈಟ್ರೊಮೀಥೇನ್) ಹಾಕಿದ್ದರೆ ಆಮ್ಲವೂ ಇರುತ್ತದೆ. ಮೇಲಿಂದ ನಮ್ಮ ಮಳೆಗಾಲದ ತೇವ. ಹಿಂದಿನ ದೊಡ್ಡ ಬೇರಿಂಗ್ ತುಕ್ಕು ಹಿಡಿಯದೇ ಇದ್ದರೆ ಅದು ನಿನ್ನ ಪುಣ್ಯ.

ಹಾಗಾಗಿ ಹಿಂದಿನ ಮುಚ್ಚಳ ಬಿಚ್ಚಿ ನೋಡು. ಗುಂಡುಗಳ ಮೇಲೆ ಕೆಂಪು ಚುಕ್ಕಿ ಕಂಡರೆ, ಅಥವಾ ತಿರುಗಿಸುವಾಗ ಮರಳು ಸಿಕ್ಕಂತೆ ಅನ್ನಿಸಿದರೆ, ಬೇರಿಂಗ್ ಬದಲಿಸಲೇಬೇಕು. ಬೇರಿಂಗ್ ಅಂಚಿನಲ್ಲಿ ನಂಬರ್ ಕೊರೆದಿರುತ್ತದೆ, ಅದನ್ನೇ ಮೈಸೂರಿನ ಬೇರಿಂಗ್ ಅಂಗಡಿಯಲ್ಲಿ ಕೇಳು. ಖಾಲಿ ಕ್ರ್ಯಾಂಕ್‌ಕೇಸನ್ನು 150 ಡಿಗ್ರಿಗೆ ಬಿಸಿ ಮಾಡಿ ಮರದ ಹಲಗೆಗೆ ತಟ್ಟಿದರೆ ಹಳೆಯ ಬೇರಿಂಗ್ ತಾನಾಗಿ ಉದುರುತ್ತದೆ, ಸುತ್ತಿಗೆ ಬೇಡ. ಅಡುಗೆಯ ಓವನ್ ಬಳಸಬೇಡ. ಕ್ಯಾಮ್ ತೆಗೆಯುವ ಮುಂಚೆ ಗಿಯರ್ ಹಲ್ಲುಗಳಿಗೆ ಗುರುತು ಹಾಕಿ ಫೋಟೊ ತೆಗೆದಿಡು. ಒಂದು ಹಲ್ಲು ತಪ್ಪಿದರೂ ಟೈಮಿಂಗ್ ಹೋಯಿತು.

ಟ್ಯಾಪೆಟ್ ನಿನಗೆ ಗೊತ್ತಿರುವ ಕೆಲಸವೇ. ಎಂಜಿನ್ ತಣ್ಣಗಿರುವಾಗ, ಎರಡೂ ವಾಲ್ವ್ ಮುಚ್ಚಿ ಪಿಸ್ಟನ್ ಮೇಲೆ ಬಂದಾಗ, ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು 0.04ರಿಂದ 0.10 ಮಿಮೀ. ನಾನು 0.05 ಇಡುತ್ತೇನೆ.

ಕುಡ್ಲ_ಹಾರಾಟ:

ಗೋಣಿಕೊಪ್ಪದವರು ಹೇಳಿದ್ದೆಲ್ಲ ಸರಿ. ನಾನು ಮಂಗಳೂರಿನವ, ವರ್ಷಕ್ಕೆ ಒಂದೆರಡು ಸಲ ಮಡಿಕೇರಿ ಕಡೆ ಬಂದು ಹಾರಿಸುತ್ತೇನೆ. ನಿಮ್ಮಲ್ಲಿ ಎತ್ತರದ ಲೆಕ್ಕ ಬಿಡಲಿಕ್ಕೆ ಆಗುವುದಿಲ್ಲ ಮಾರಾಯ್ರೆ. 1,000 ಮೀಟರ್‌ನಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು 9 ಶೇಕಡಾ ಕಡಿಮೆ. ಎಂಜಿನ್ ಅಷ್ಟೇ ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಫ್ಯೂಯಲ್ ಅಳೆದು ಬಿಡುವ ಸೂಜಿಯನ್ನು ಕಡಲ ತೀರದಲ್ಲಿ ಸರಿ ಮಾಡಿದ್ದರೆ ನಿಮ್ಮಲ್ಲಿ ರಿಚ್ ಆಗಿಬಿಡುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಫ್ಯೂಯಲ್ ಹೆಚ್ಚು, ನಾನು ಘಟ್ಟ ಹತ್ತಿದ ಮೇಲೆ ಪ್ರತೀ ಸಲ ಸ್ವಲ್ಪ ಮುಚ್ಚುತ್ತೇನೆ. ರೆಕ್ಕೆಗೂ ಅದೇ ತೆಳು ಗಾಳಿ, ನೆಲ ಬಿಡಲಿಕ್ಕೆ ಹೆಚ್ಚು ವೇಗ ಬೇಕು. ಕೊಯ್ಲಾದ ಗದ್ದೆಯಲ್ಲಿ ಪೈರಿನ ಬುಡ ಚಕ್ರ ಹಿಡಿಯುತ್ತದೆ. ಗದ್ದೆ ಮುಗಿಯುವಲ್ಲಿ ಸಿಲ್ವರ್ ಓಕ್ ಮರಗಳು. 3.5 ಕೆಜಿಗೆ 70 ಹಾಕಿದರೆ ಹಾರುತ್ತದೆ, ಆದರೆ ಮರ ದಾಟುವಾಗ ನಿಮ್ಮ ಎದೆ ನಿಲ್ಲುತ್ತದೆ. 91 ತಗೊಳ್ಳಿ, 14x6 ಪ್ರೊಪೆಲ್ಲರ್ (14 ಇಂಚು ಉದ್ದ, ಒಂದು ಸುತ್ತಿಗೆ 6 ಇಂಚು ಮುನ್ನಡೆ) ಹಾಕಿ. ಎರಡೂ ಎಂಜಿನ್‌ಗೆ ತೂಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ.

ಫ್ಯೂಯಲ್‌ಗೆ ಮೆಥನಾಲ್, ಎಣ್ಣೆ 18ರಿಂದ 20 ಶೇಕಡಾ. ನೈಟ್ರೊ ಸಿಕ್ಕಿದರೆ 5 ಶೇಕಡಾ ಹಾಕಿ, ಐಡಲ್ ಚೆನ್ನಾಗಿರುತ್ತದೆ. ಸಿಗದಿದ್ದರೂ ಓಡುತ್ತದೆ. ಕಳೆ ಮೆಷಿನ್‌ನ ಟೂಟಿ ಆಯಿಲ್ ಹಾಕಲಿಕ್ಕೆ ಹೋಗಬೇಡಿ, ಪೆಟ್ರೋಲ್‌ಗೆಂದು ಮಾಡಿದ ಎಣ್ಣೆ ಮೆಥನಾಲ್‌ನಲ್ಲಿ ಕರಗುವುದಿಲ್ಲ, ತಳದಲ್ಲಿ ಕೂತುಬಿಡುತ್ತದೆ. ಹರಳೆಣ್ಣೆ ಕರಗುತ್ತದೆ, ಆದರೆ ಶುದ್ಧೀಕರಿಸಿದ್ದೇ ಆಗಬೇಕು. ನಾನು ಅರ್ಧ ಸಿಂಥೆಟಿಕ್, ಅರ್ಧ ಹರಳೆಣ್ಣೆ ಹಾಕುತ್ತೇನೆ. ಮೆಥನಾಲ್ ಗಾಳಿಯ ನೀರನ್ನು ಹೀರುತ್ತದೆ. ಅರ್ಧ ಖಾಲಿಯಾದ ಕ್ಯಾನ್ ಇಡಬೇಡಿ, ಸಣ್ಣ ಬಾಟಲಿಗಳಿಗೆ ಕತ್ತಿನ ತನಕ ತುಂಬಿ ಬಿಗಿಯಾಗಿ ಮುಚ್ಚಿ. ಅದು ವಿಷ, ಮಕ್ಕಳ ಕೈಗೆ ಸಿಗದ ಜಾಗದಲ್ಲಿಡಿ.

ಗೋಣಿಕೊಪ್ಪ_ಗ್ಲೋ:

ಕುಡ್ಲದವರ ಲೆಕ್ಕ ತಪ್ಪಲ್ಲ, ಆದರೆ 91 ತರುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಮಾವನಿಗೆ ಕೇಳಬೇಕಾದ್ದು ಆ ಎಂಜಿನ್‌ನ ಶಬ್ದ. ನಕ್ಷೆ ಇನ್ನೂ ಕಾಗದದ ಮೇಲಿದೆ ಅಂದೆಯಲ್ಲ, ರೆಕ್ಕೆಯ ಒಂದು ಪಕ್ಕೆಲುಬೂ ಕತ್ತರಿಸಿಲ್ಲ. ಹಾಗಿದ್ದರೆ ಎಂಜಿನ್ ಬದಲು ವಿಮಾನ ಬದಲಿಸು. 1/7 ಮಾಡು. 10.72 ಭಾಗಿಸು 7, 1.53 ಮೀಟರ್, ಅಂದರೆ 60 ಇಂಚು. ಬಾಲ್ಸಾ ಮರ ಹಗುರದ್ದು ಆರಿಸಿಕೊಂಡರೆ 2.7 ಕೆಜಿಯಲ್ಲಿ ನಿಲ್ಲಿಸಬಹುದು. ಆ ತೂಕಕ್ಕೆ 70, 13x6 ಪ್ರೊಪೆಲ್ಲರ್, ಧಾರಾಳ. ನಮ್ಮ ಎತ್ತರದಲ್ಲೂ ಸಿಲ್ವರ್ ಓಕ್ ಕೆಳಗೇ ಉಳಿಯುತ್ತದೆ.

ಇನ್ನೊಂದು ವಿಷಯ ಬಿಟ್ಟಿದ್ದೆ. ಎಚ್‌ಟಿ-2ದಲ್ಲಿ ಇದ್ದದ್ದು ಸಿರಸ್ ಮೇಜರ್, 155 ಅಶ್ವಶಕ್ತಿ, ನಾಲ್ಕು ಸಿಲಿಂಡರ್ ಸಾಲಾಗಿ, ತಲೆಕೆಳಗಾಗಿ. ಮಾವನಿಗೆ ನನಗಿಂತ ಚೆನ್ನಾಗಿ ಗೊತ್ತು. ಮೂತಿಯ ಆಕಾರ ಬರಬೇಕಾದರೆ ನೀನೂ ಎಂಜಿನನ್ನು ತಲೆಕೆಳಗಾಗಿ ಕೂರಿಸಬೇಕು. ಆಗ ಕಾರ್ಬುರೇಟರ್ ಕೆಳಗೆ ಬರುತ್ತದೆ. ಟ್ಯಾಂಕ್ ಮಾಮೂಲಿ ಎತ್ತರದಲ್ಲೇ ಇದ್ದರೆ ಫ್ಯೂಯಲ್ ತಾನಾಗಿ ಹರಿದು ಸಿಲಿಂಡರ್ ತುಂಬಿಬಿಡುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಸ್ಟಾರ್ಟರ್ ಇಟ್ಟ ತಕ್ಷಣ ರಾಡ್ ಬಾಗುತ್ತದೆ. ಟ್ಯಾಂಕಿನ ಮಧ್ಯರೇಖೆ ಸೂಜಿಯ ಮಟ್ಟಕ್ಕೆ, ಇಲ್ಲವೇ ಅರ್ಧ ಸೆಂಟಿಮೀಟರ್ ಕೆಳಗೆ ಬರುವ ಹಾಗೆ ಫ್ಯೂಸಲಾಜ್ ಒಳಗೆ ಜಾಗ ಈಗಲೇ ಬಿಡು. ಪ್ರತೀ ಸಲ ಗ್ಲೋ ಕ್ಲಿಪ್ ಹಾಕುವ ಮುಂಚೆ ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡು. ಬಿಗಿಯಾಗಿ ತಡೆದರೆ ಪ್ಲಗ್ ತೆಗೆದು ಖಾಲಿ ಮಾಡು.

ಸೂಜಿಯನ್ನು ಅತಿಯಾಗಿ ಮುಚ್ಚಬೇಡ. ಲೀನ್ ಆದರೆ, ಅಂದರೆ ಫ್ಯೂಯಲ್ ಕಡಿಮೆಯಾದರೆ, ಫೋರ್‌ಸ್ಟ್ರೋಕ್ ಬಡಿಯಲು ಶುರುಮಾಡುತ್ತದೆ, ಹಿಂದಕ್ಕೆ ಒದ್ದು ಪ್ರೊಪೆಲ್ಲರನ್ನು ನಟ್ಟು ಸಮೇತ ಎಸೆಯುತ್ತದೆ. ಡಬಲ್ ನಟ್ ಹಾಕು, ಮುಂದೆ ಯಾರನ್ನೂ ನಿಲ್ಲಿಸಬೇಡ. ಗರಿಷ್ಠ ಆರ್‌ಪಿಎಂ ಹುಡುಕಿ, ಅಲ್ಲಿಂದ 200-300 ಇಳಿಯುವಷ್ಟು ಸೂಜಿ ತೆರೆದು ಬಿಟ್ಟುಬಿಡು.

ಸಂಜೆ ಹಾರಾಟ ಮುಗಿದ ಮೇಲೆ ಎಂಜಿನ್ ಓಡುತ್ತಿರುವಾಗಲೇ ಫ್ಯೂಯಲ್ ಪೈಪ್ ಹಿಸುಕಿ ನಿಲ್ಲಿಸು, ಒಳಗಿರುವುದೆಲ್ಲ ಉರಿದುಹೋಗಲಿ. ಆಮೇಲೆ ಪ್ಲಗ್ ತೂತಿಗೆ, ಬ್ರೀದರ್ ನಿಪ್ಪಲ್‌ಗೆ ತೆಳು ಎಣ್ಣೆ ಬಿಟ್ಟು ಹತ್ತು ಸುತ್ತು ತಿರುಗಿಸು. ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಕೋವಿಗೆ ಎಣ್ಣೆ ಹಚ್ಚುವ ದಿನವೇ ನಾನು ಎಂಜಿನ್‌ಗೂ ಹಾಕುವುದು. ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಎರಡನ್ನೂ ಒರೆಸಿ ಪೂಜೆಗಿಡುತ್ತೇನೆ. ಹದಿನೆಂಟು ವರ್ಷದ ಎಂಜಿನ್ ಒಂದು ಇನ್ನೂ ಮೊದಲ ಬೇರಿಂಗ್‌ನಲ್ಲೇ ಓಡುತ್ತಿದೆ.

ನಾಪೋಕ್ಲು_ಬಾಲ್ಸಾ:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ಕಾಫಿ ಕೊಯ್ಲು ನಡೆಯುತ್ತಿತ್ತು, ರಾತ್ರಿ ಮಾತ್ರ ಸಮಯ.

ಎಂಜಿನ್ ಎರಡನೇ ದಿನ ಬಿಟ್ಟಿತು. ಹಿಂದಿನ ಬೇರಿಂಗ್ ಅಣ್ಣ ಹೇಳಿದ ಹಾಗೇ ಇತ್ತು, ಮೂರು ಗುಂಡು ಕೆಂಪಾಗಿದ್ದವು. ಮುಂದಿನದು ಚೆನ್ನಾಗಿದ್ದರೂ ಎರಡೂ ಬದಲಿಸಿದೆ. ಅಂಟು ಹಿಡಿದ ಲೋಹದ ಭಾಗಗಳನ್ನು ಹಳೆಯ ಪಾತ್ರೆಯಲ್ಲಿ ಕಾರಿನ ಕೂಲಂಟ್ ಹಾಕಿ, ಮನೆಯ ಹೊರಗೆ, ಕುದಿಯದಷ್ಟು ಸಣ್ಣ ಉರಿಯಲ್ಲಿ ನಾಲ್ಕು ಗಂಟೆ ಇಟ್ಟೆ. ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದರೆ ಬೆಳ್ಳಿಯ ಹಾಗೆ ಬಂತು. ಕೂಲಂಟ್ ಸಿಹಿ ಇರುವುದರಿಂದ ನಾಯಿ ನೆಕ್ಕಿದರೆ ಸಾಯುತ್ತದೆ, ಹಾಗಾಗಿ ನಮ್ಮ ಎರಡೂ ನಾಯಿಗಳನ್ನು ಅವತ್ತು ಕಟ್ಟಿಹಾಕಿದ್ದೆ.

ನಿನ್ನೆ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಬೆಂಚಿಗೆ ಕಟ್ಟಿ ಸ್ಟಾರ್ಟ್ ಮಾಡಿದೆ. ಮಾವ ಕುರ್ಚಿ ಹಾಕಿಸಿಕೊಂಡು ಹಿಂದೆ ಕೂತಿದ್ದರು. ನಾಲ್ಕನೇ ಸಲಕ್ಕೆ ಹಿಡಿಯಿತು. ಸೂಜಿ ಪೂರ್ತಿ ರಿಚ್ ಇತ್ತು, ಬಿಳಿ ಹೊಗೆ. ಮೆಲ್ಲಗೆ ಮುಚ್ಚುತ್ತಾ ಬಂದ ಹಾಗೆ ಆ ದಪ್ಪ ಶಬ್ದ ಬಂತು. ಚಿಕ್ಕಂದಿನಲ್ಲಿ ಗದ್ದೆಯ ಬದುವಿನಲ್ಲಿ ಕೂತು ಕೇಳಿದ್ದು ಅದೇ. ಮಾವ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ ಕೈ ಎತ್ತಿ ನಿಲ್ಲಿಸು ಅಂದರು. "ಎಕ್ಸಾಸ್ಟ್ ಟ್ಯಾಪೆಟ್ ಸಡಿಲ ಇದೆ, ನೋಡು" ಅಂದರು. ನಾನೇ ಸೆಟ್ ಮಾಡಿದ್ದು, ಸರಿ ಇದೆ ಅಂದೆ. ತಣ್ಣಗಾದ ಮೇಲೆ ಗೇಜ್ ಹಾಕಿದರೆ 0.10ರ ಎಲೆ ಸಲೀಸಾಗಿ ಹೋಗಿ ಇನ್ನೂ ಜಾಗ ಉಳಿಯಿತು. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ತಿರುಗಿಬಿಟ್ಟಿತ್ತು. 0.05ಕ್ಕೆ ತಂದು ಮತ್ತೆ ಓಡಿಸಿದೆ. "ಈಗ ಸರಿ" ಅಂದರು, ಇನ್ನೊಂದು ಟ್ಯಾಂಕ್ ಓಡಿಸು ಅಂದರು.

ನಕ್ಷೆ 1/7ಕ್ಕೆ ಮತ್ತೆ ಬರೆದಾಯಿತು. ಈ ಭಾನುವಾರ ಪಕ್ಕೆಲುಬು ಕತ್ತರಿಸುತ್ತೇನೆ. ಟ್ಯಾಂಕ್ ಜಾಗವನ್ನು ಸೂಜಿಯ ಮಟ್ಟಕ್ಕಿಂತ 5 ಮಿಮೀ ಕೆಳಗೆ ಬಿಟ್ಟಿದ್ದೇನೆ, ಆದರೆ ಹಾಗೆ ಇಟ್ಟರೆ ಲ್ಯಾಂಡಿಂಗ್ ಗೇರ್‌ನ ಹಲಗೆ ಟ್ಯಾಂಕಿಗೆ ತಾಗುತ್ತದೆ. ಗೋಣಿಕೊಪ್ಪದ ಅಣ್ಣ, ಟ್ಯಾಂಕನ್ನು ಒಂದು ಇಂಚು ಹಿಂದಕ್ಕೆ ಸರಿಸಿದರೆ ತೊಂದರೆ ಇದೆಯಾ? ನಾಳೆ ಫೋಟೊ ಹಾಕುತ್ತೇನೆ, ನೋಡಿ ಹೇಳಿ.