ರೈಲ್ವೆ ಅಂಡರ್‌ಪಾಸಿಗೆ ಹಿಂಗಾರಿಗೆ ಮುಂಚೆ ಪಂಪು ಕೂರಿಸಬಹುದಾ? ಎಷ್ಟು ಎಚ್‌ಪಿ ಬೇಕು?

ಕಬ್ಬಿನ ಗದ್ದೆ (ಪ್ರಶ್ನೆ)
ನಮ್ಮೂರು ಮಂಡ್ಯ–ಮದ್ದೂರು ನಡುವೆ. ರೈಲ್ವೆ ಗೇಟು ತೆಗೆದು ಅಂಡರ್‌ಪಾಸ್ ಮಾಡಿದಾಗಿನಿಂದ ಒಂದು ಜೋರು ಮಳೆ ಬಿದ್ದರೆ ಎದೆಮಟ್ಟ ನೀರು. ಸ್ಕೂಲ್ ವ್ಯಾನು ಆಚೆಗೇ ನಿಂತುಬಿಡುತ್ತೆ. ಹೋದ ವರ್ಷ ಹೆರಿಗೆ ನೋವು ಬಂದ ಹೆಣ್ಣುಮಗಳನ್ನ ಹಳಿ ದಾಟಿಸಿ ಆಟೋ ಹತ್ತಿಸಿದ್ವಿ. ಪಂಚಾಯ್ತಿಯವರು ಪಂಪಿಗೆ ದುಡ್ಡು ಕೊಡ್ತೀವಿ ಅಂತ ಒಪ್ಪಿದ್ದಾರೆ. ಕೈಯಲ್ಲಿರೋದು ಒಂದೂವರೆ ತಿಂಗಳು. ಎರಡೂ ಕಡೆ ಇಳಿಜಾರು ತಲಾ 60 ಮೀಟರ್, ಅಗಲ 5 ಮೀಟರ್. ಅಕ್ಕಪಕ್ಕದ ಐದು ಎಕರೆ ಗದ್ದೆ ನೀರೂ ಅದರೊಳಕ್ಕೇ ಹರಿಯುತ್ತೆ.

ವಿದ್ಯಾರಣ್ಯಪುರ
ದೊಡ್ಡದೇ ಹಾಕಿಸಿ ಸಾರ್, 15 ಎಚ್‌ಪಿ. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿಗೆ ಚಿಕ್ಕದು ಹಾಕಿಸಿ ಸಾಕಾಗಲೇ ಇಲ್ಲ.

ಪಂಪ್ ಮನೆ, ಮೈಸೂರು
ದಯವಿಟ್ಟು ಎಚ್‌ಪಿಯಿಂದ ಶುರು ಮಾಡಬೇಡಿ. ನಾನು ದುಡಿದಿದ್ದೆಲ್ಲ ಪಂಪುಗಳ ಜೊತೆಯಲ್ಲೇ, ಅದಕ್ಕೇ ಹೇಳ್ತೀನಿ, ಮೊದಲು ನೀರಿನ ಲೆಕ್ಕ ಹಾಕಿ.

ನಿಮ್ಮ ಇಳಿಜಾರು ಎರಡೂ ಸೇರಿ 600 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ಮಳೆ ಹೊಡೆದರೆ ಅದರ ಮೇಲೆ ನೇರವಾಗಿ ಬೀಳೋದು 30,000 ಲೀಟರ್, ಅಂದರೆ ನಿಮಿಷಕ್ಕೆ 500. ಕೆಸರು ನೀರಿಗೆಂದೇ ಬರುವ 3 ಎಚ್‌ಪಿ ಮುಳುಗು ಪಂಪು ಇದನ್ನು ಆರೇಳು ಮೀಟರ್ ಎತ್ತಿ ಆಚೆ ಹಾಕುತ್ತೆ. ಈಗ ಆ ಐದು ಎಕರೆ ನೋಡಿ. ಅದೇ ಮಳೆಗೆ ಅಲ್ಲಿ ಬೀಳೋದು ಹತ್ತು ಲಕ್ಷ ಲೀಟರ್. ಅರ್ಧ ಭೂಮಿ ಕುಡಿದರೂ ಐದು ಲಕ್ಷ ನಿಮ್ಮ ಗುಂಡಿಗೆ! ಅದನ್ನೆಲ್ಲ ಪಂಪಿನಲ್ಲಿ ಹೊಡೆಯೋಕೆ ಹೋದರೆ ಪಂಚಾಯ್ತಿ ದುಡ್ಡೂ ಸಾಲದು, ಕರೆಂಟೂ ಸಾಲದು.

ಹಾಗಾಗಿ ಮೊದಲ ಎರಡು ವಾರ ಪಂಪಿನ ಮಾತೇ ಬೇಡ. ಇಳಿಜಾರು ಶುರುವಾಗುವ ಎರಡೂ ಬಾಯಲ್ಲಿ ರಸ್ತೆಯನ್ನು ಒಂದಡಿ ಉಬ್ಬಿಸಿ. ಪಕ್ಕದ ಗೋಡೆ ನೆಲಕ್ಕಿಂತ ಒಂದೂವರೆ ಅಡಿ ಮೇಲಿರಲಿ. ಗೋಡೆಯ ಹೊರಗೆ ಜೆಸಿಬಿಯಲ್ಲಿ ಕಾಲುವೆ ತೆಗೆಸಿ ಗದ್ದೆ ನೀರನ್ನು ತಗ್ಗಿನ ಹಳ್ಳಕ್ಕೆ ತಿರುಗಿಸಿ. ಇಳಿಜಾರಿನ ಮೇಲೆ ಶೀಟು ಹೊದಿಸಿದರೆ ಇನ್ನೂ ಒಳ್ಳೆಯದು, ಎಷ್ಟೋ ಕಡೆ ರೈಲ್ವೆಯವರೇ ಹೊದಿಸಿದ್ದಾರೆ. ಮುಂಬೈಯಲ್ಲಿ ಸಮುದ್ರ ಉಬ್ಬಿದರೆ ಚರಂಡಿಗೆ ದಾರಿಯೇ ಇರಲ್ಲ, ಅಲ್ಲಿ ಪಂಪು ಬಿಟ್ಟರೆ ಗತಿಯಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದಾಗ ಅದು ಎಲ್ಲರಿಗೂ ಗೊತ್ತಾಯಿತು. ನಮ್ಮ ಸೀಮೆಗೆ ಇಳಿಜಾರಿದೆ, ನಾವೇ ತೋಡಿದ ಗುಂಡಿಗಷ್ಟೇ ಪಂಪು ಬೇಕು.

ಆಮೇಲೆ ಸಂಪು. ಕಾಂಕ್ರೀಟ್ ಹಾಕಿ ಕ್ಯೂರಿಂಗ್ ಮಾಡುತ್ತಾ ಕೂರಲು ಸಮಯವಿಲ್ಲ. ಆರಡಿ ಅಗಲದ ಸಿಮೆಂಟ್ ರಿಂಗುಗಳನ್ನು ಎಂಟಡಿ ಇಳಿಸಿ, ಆರು ಸಾವಿರ ಲೀಟರಿಗೂ ಮೇಲೆ ಹಿಡಿಯುತ್ತೆ. ರಸ್ತೆಯ ಅತಿ ತಗ್ಗಿನಿಂದ ಪೈಪಿನಲ್ಲಿ ನೀರು ಅದಕ್ಕೆ ಇಳಿಯಬೇಕು, ಆಳವನ್ನು ಅಲ್ಲಿಂದಲೇ ಅಳೆಯಿರಿ. ಸಂಪಿಗೆ ಮುಂಚೆ ಒಂದು ಹೂಳು ಗುಂಡಿ, ಅದಕ್ಕೆ ಜಾಲರಿ. ನಿಮ್ಮ ಕಡೆ ಪಂಪು ನಿಲ್ಲಿಸೋದು ಮಣ್ಣಲ್ಲ, ಕಬ್ಬಿನ ತರಗು. ಫ್ಲೋಟ್ ಸ್ವಿಚ್ಚಿನ (ನೀರು ಏರಿದರೆ ತಾನೇ ಆನ್ ಆಗುವ) ಎರಡು ಪಂಪು ಇಳಿಸಿ, ಒಂದು ಕೈಕೊಟ್ಟರೆ ಇನ್ನೊಂದು ಎಳೆಯಬೇಕು. ಡೆಲಿವರಿ ಪೈಪಿಗೆ ನೀರು ವಾಪಸ್ ಬರದ ವಾಲ್ವು, ಅದರ ತುದಿ ಕಾಲುವೆಯಾಚೆಗೆ.

ಕಬ್ಬಿನ ಗದ್ದೆ
ತುಂಬಾ ಉಪಕಾರ ಸಾರ್. ಆದರೆ ಮಳೆ ಬಂದ ತಕ್ಷಣ ಕರೆಂಟ್ ಹೋಗುತ್ತಲ್ಲ?

ಪಂಪ್ ಮನೆ, ಮೈಸೂರು
ಅದನ್ನೇ ಬರೆಯೋಣ ಅಂತಿದ್ದೆ. ಪಂಪ್‌ಸೆಟ್ ಲೈನಿಂದ ಕನೆಕ್ಷನ್ ತಗೋಬೇಡಿ, ಅಲ್ಲಿ ಥ್ರೀ ಫೇಸ್ ಬರೋದೇ ಕೆಲವು ಗಂಟೆ. ಹಳ್ಳಿ ಮನೆಗಳಿಗೆ ದಿನವಿಡೀ ಕರೆಂಟ್ ಕೊಡೋ ನಿರಂತರ ಜ್ಯೋತಿ ಲೈನಿಂದ ಕೊಡಿ ಅಂತ ನಿಮ್ಮ ಕಡೆಯ ಕರೆಂಟ್ ಕಂಪನಿ ಸೆಸ್ಕ್‌ಗೆ ಇವತ್ತೇ ಅರ್ಜಿ ಹಾಕಿ. ಪ್ಯಾನಲ್ ಬೋರ್ಡು ರಸ್ತೆ ಮಟ್ಟಕ್ಕಿಂತ ನಾಲ್ಕಡಿ ಮೇಲಿರಲಿ, ಕರೆಂಟ್ ಲೀಕಾದರೆ ಕೂಡಲೇ ಟ್ರಿಪ್ ಆಗುವ ಬ್ರೇಕರ್ ಕಡ್ಡಾಯ. ನೀರು ನಿಂತಿರುವಾಗ ಮೇನ್ ಆಫ್ ಮಾಡದೆ ಯಾರನ್ನೂ ಇಳಿಸಬೇಡಿ. ಮಕ್ಕಳು ಓಡಾಡೋ ಜಾಗ ಅದು.

ಟ್ರ್ಯಾಕ್ಟರ್ ಮಾಲೀಕ, ಪಾಂಡವಪುರ
ನಮ್ಮ ಕಡೆ ಟ್ರ್ಯಾಕ್ಟರಿನ ಹಿಂದೆ ಕೂರಿಸೋ ಪಂಪು ಬಾಡಿಗೆಗೆ ಸಿಗುತ್ತೆ ಅಣ್ಣ. ಕರೆಂಟ್ ಇಲ್ಲದಾಗ ಅದೇ ಗತಿ. ಇನ್ನೊಂದು, ನಾಲೆಗೆ ನೀರು ಬಿಟ್ಟಾಗ ಮಳೆಯಿಲ್ಲದಿದ್ದರೂ ಅಂಡರ್‌ಪಾಸಿಗೆ ಜಿನುಗುತ್ತೆ, ನೋಡ್ಕೊಳ್ಳಿ.

ಪಂಪ್ ಮನೆ, ಮೈಸೂರು
ಇವರು ಹೇಳಿದ್ದು ಸರಿ, ಬಾಡಿಗೆಯವರ ಹತ್ತಿರ ಈಗಲೇ ಮಾತಾಡಿಟ್ಟುಕೊಳ್ಳಿ. ಆದರೆ ಅಂಥ ಪಂಪು ಮೇಲೆ ನಿಂತು ಹೀರೋದು ಹೆಚ್ಚೆಂದರೆ ಆರು ಮೀಟರ್ ಆಳದಿಂದ, ಆದಷ್ಟು ಕೆಳಗೆ ನಿಲ್ಲಿಸಿ.

ಆತುರದಲ್ಲಿ ಹಾಕಿದ್ದು ತಾತ್ಕಾಲಿಕ ಅನ್ನೋದು ಪಂಚಾಯ್ತಿ ಪುಸ್ತಕದಲ್ಲೇ ಬರೆಸಿ. ಅಮೆರಿಕದ ನ್ಯೂ ಓರ್ಲಿಯನ್ಸ್‌ನಲ್ಲಿ 2005ರ ಕತ್ರಿನಾ ಚಂಡಮಾರುತದ ನಂತರ ಮೂರು ಕಾಲುವೆಗಳಿಗೆ ಅವಸರದಲ್ಲಿ ತಾತ್ಕಾಲಿಕ ಪಂಪು, ಗೇಟು ಕೂರಿಸಿದರು. ಅದರ ಜಾಗಕ್ಕೆ ಶಾಶ್ವತ ಪಂಪ್‌ಹೌಸ್ ಬಂದು ಮುಗಿದಿದ್ದು 2018ರಲ್ಲಿ. ನಿಮ್ಮದು ಹಾಗೆ ಎಳೆಯಬಾರದು.

ರೈಲ್ವೆ ಗಡಿಕಲ್ಲಿನ ಒಳಗೆ ಒಂದು ಗುದ್ದಲಿಯೂ ಬೀಳದಂತೆ ನೋಡಿಕೊಳ್ಳಿ, ಸಂಪು ಹೊರಗೇ ಇರಲಿ. ಒಳಗಿನ ಪೈಪಿಗೆ, ಉಬ್ಬಿಗೆ ಅವರ ಒಪ್ಪಿಗೆ ಬೇಕು, ಪಿಡಿಒ ಸಹಿ ಹಾಕಿದ ಪತ್ರ ಸೋಮವಾರವೇ ಕೊಡಿ. ಕಾಲುವೆ ಮಟ್ಟದ ಅಳತೆ ಸಿಕ್ಕಿದ ಮೇಲೆ ಇಲ್ಲೇ ಹಾಕಿ, ಪೈಪಿನ ಸೈಜು ಲೆಕ್ಕ ಮಾಡಿ ಕೊಡ್ತೀನಿ.