ಪೆಟ್ರೋಲ್ ಬೇಡವಾದ್ಮೇಲೆ ಸೌದಿ, ಇರಾಕ್ ಗತಿ ಏನು?

ಸುಮ್ನೆ_ಕೇಳ್ದೆ:
ತುಂಬ ದಿನದಿಂದ ತಲೇಲಿ ಕೊರೀತಿರೋ ವಿಷ್ಯ. ಎಲ್ಲಿ ನೋಡಿದ್ರೂ ಎಲೆಕ್ಟ್ರಿಕ್ ಕಾರು, ಸೋಲಾರು. 2023ರಲ್ಲಿ ದುಬೈನಲ್ಲೇ ಹವಾಮಾನ ಸಮ್ಮೇಳನ ಆಯ್ತಲ್ಲ, ಪೆಟ್ರೋಲ್ ಕಲ್ಲಿದ್ದಲಿಂದ ದೂರ ಸರೀಬೇಕು ಅಂತ ಅಲ್ಲೇ ಒಪ್ಕೊಂಡ್ರು (ಸಭೆ ಅಧ್ಯಕ್ಷರು ಅಬುಧಾಬಿ ಆಯಿಲ್ ಕಂಪನಿ ಮುಖ್ಯಸ್ಥರು ಅನ್ನೋದು ಬೇರೆ ಮಾತು). ಹಂಗಾದ್ರೆ ಇನ್ನೊಂದು 30 ವರ್ಷಕ್ಕೆ ಈ ದೇಶಗಳೆಲ್ಲಾ ಮುಳುಗ್ತಾವಾ?

ಲೆಕ್ಕದ_ಮೇಷ್ಟ್ರು:
ಎಲ್ಲರನ್ನೂ ಒಂದೇ ತಕ್ಕಡೀಲಿ ಹಾಕ್ಬೇಡಿ. ಬೇಡಿಕೆ ಇಳಿದಾಗ ಮೊದ್ಲು ಮುಚ್ಚೋದು ತೆಗೆಯೋಕೇ ಜಾಸ್ತಿ ಖರ್ಚಾಗೋ ಜಾಗ, ಅಂದ್ರೆ ಕೆನಡಾದ ಆಲ್ಬರ್ಟಾ ಮರಳಿನ ಎಣ್ಣೆ, ವೆನೆಜುವೆಲಾದ ಗಟ್ಟಿ ಎಣ್ಣೆ ತರದ್ದು. ಸೌದಿದು ತೀರಾ ಅಗ್ಗ, ಕೊನೇವರೆಗೂ ಮಾರ್ಕೆಟ್‌ನಲ್ಲಿ ನಿಲ್ಲೋದು ಅವ್ರೇ. ಆದ್ರೆ ಬಾವಿ ಖರ್ಚು ಕಮ್ಮಿ ಅಂದ್ರೆ ಸರ್ಕಾರದ ಖರ್ಚೂ ಕಮ್ಮಿ ಅಂತಲ್ಲ, ಸಂಬಳ ಸಬ್ಸಿಡಿ ಎಲ್ಲಾ ಅದೇ ದುಡ್ಡಲ್ಲಿ ನಡೀಬೇಕು. 2014ರಲ್ಲಿ 100 ಡಾಲರ್ ದಾಟಿದ್ದ ಬ್ಯಾರಲ್ 2016ರ ಶುರುನಲ್ಲಿ 30ಕ್ಕಿಂತ ಕೆಳಗೆ ಬಿತ್ತು, ಅದೇ ವರ್ಷ ಎಣ್ಣೆ ನೆಚ್ಕೊಳ್ಳೋದು ಕಮ್ಮಿ ಮಾಡೋ ಸೌದಿ ಸರ್ಕಾರದ ಯೋಜನೆ ವಿಷನ್ 2030 ಬಂತು. 2018ರಲ್ಲಿ 5% ವ್ಯಾಟ್ ಹಾಕಿದ್ರು, 2020ರ ಜುಲೈನಲ್ಲಿ ಅದನ್ನ ಒಂದೇ ಸಲಕ್ಕೆ 15% ಮಾಡಿದ್ರು. ನನ್ ಪ್ರಕಾರ ನಿಜವಾದ ಬದಲಾವಣೆ ಈ ತೆರಿಗೇನೇ, ಮರಳುಗಾಡಲ್ಲಿ ಹೊಸದಾಗಿ ಕಟ್ಟೋಕೆ ಹೊರಟ ನಿಯೋಮ್ ಸಿಟಿ ಗ್ರಾಫಿಕ್ಸ್ ವಿಡಿಯೋ ಎಲ್ಲಾ ಆಮೇಲೆ.

ಕಲ್ಲುಪ್ಪು:
ನಾರ್ವೆ ನೋಡಿ ಕಲೀಬೇಕು ಅಷ್ಟೇ. ಎಣ್ಣೆ ದುಡ್ಡು ಮುಂದಿನೋರಿಗೆ ಕೂಡಿಡೋ ಫಂಡ್‌ಗೆ 1990ರಲ್ಲೇ ಕಾನೂನು ಮಾಡಿದ್ರು, 1996ರಲ್ಲಿ ಮೊದಲ ದುಡ್ಡು ಹಾಕಿದ್ರು, ಈಗ ವರ್ಷಕ್ಕೆ ಆ ಫಂಡ್‌ನ ಸುಮಾರು 3% ಮಾತ್ರ ಮುಟ್ಟೋದು. ಅಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಒಂಬತ್ತರ ಹತ್ರ ಎಲೆಕ್ಟ್ರಿಕ್, ತಾವು ಕರೆಂಟಲ್ಲಿ ಓಡಾಡ್ಕೊಂಡು ಎಣ್ಣೆ ಮಾತ್ರ ಹೊರಗೆ ಮಾರ್ತಾರೆ, ಜಾಣರು 😄

ಲೆಕ್ಕದ_ಮೇಷ್ಟ್ರು:
ನಾರ್ವೆ ಉದಾಹರಣೆ ಎಲ್ರೂ ಕೊಡ್ತಾರೆ ಮಾರಾಯ್ರೆ. ಅವ್ರು 55 ಲಕ್ಷ ಜನ, ಎಣ್ಣೆ ಸಿಗೋ ಮುಂಚೇನೇ ತೆರಿಗೆ, ಹಡಗು, ಮೀನು, ಜಲವಿದ್ಯುತ್ ಎಲ್ಲಾ ಇತ್ತು. ಇರಾಕ್‌ನಲ್ಲಿ 4 ಕೋಟಿಗಿಂತ ಜಾಸ್ತಿ ಜನ, ಸರ್ಕಾರದ ಆದಾಯ 90% ಹತ್ರ ಎಣ್ಣೆದು, ಅದ್ರಲ್ಲಿ ಸಂಬಳಕ್ಕೇ ದೊಡ್ಡ ಪಾಲು ಹೋಗುತ್ತೆ, ಫಂಡ್‌ಗೆ ಎತ್ತಿಡೋದು ಎಲ್ಲಿಂದ?

ರಾತ್ರಿಪಾಳಿ:
ನೀವೆಲ್ಲಾ ಮುಂದೆ ಏನಾಗುತ್ತೆ ಅಂತಿದೀರ, ಆಗಿರೋದು ಒಂದು ಕಡೆ ಕಣ್ಮುಂದೆ ಇದೆ. ನೈಜೀರಿಯಾದ ಓಲೋಯಿಬಿರಿ. 1956ರಲ್ಲಿ ಆ ದೇಶದಲ್ಲಿ ವ್ಯಾಪಾರ ಮಾಡೋಷ್ಟು ಎಣ್ಣೆ ಮೊದ್ಲು ಸಿಕ್ಕಿದ್ದು ಅಲ್ಲೇ, 70ರ ದಶಕದಲ್ಲಿ ಆ ಬಾವಿಗಳು ನಿಂತ್ವು, ಊರು ಬಡವಾಗೇ ಉಳೀತು. ಅದೇ ನೈಜರ್ ನದಿ ಡೆಲ್ಟಾದ ಓಗೋನಿ ನಾಡಿನ ಬಗ್ಗೆ 2011ರಲ್ಲಿ ವಿಶ್ವಸಂಸ್ಥೆ ಪರಿಸರ ವಿಭಾಗದ ವರದಿ ಬಂತು, ಎಣ್ಣೆ ಸೋರಿ ಹಾಳಾದ ಮಣ್ಣು ನೀರು ಪೂರ್ತಿ ಸುಧಾರಿಸೋಕೆ 25-30 ವರ್ಷ ಬೇಕಾಗ್ಬೋದು ಅಂತ. ಈಗ ದೊಡ್ಡ ವಿದೇಶಿ ಕಂಪನಿಗಳು ಅಲ್ಲಿನ ನೆಲದ ಮೇಲಿನ ಬಾವಿಗಳನ್ನ ಲೋಕಲ್ ಕಂಪನಿಗಳಿಗೆ ಮಾರ್ಕೊಂಡು ಸಮುದ್ರದ ಕಡೆ ಹೋಗ್ತಿದಾವೆ. ರಾಜಧಾನಿ ಹೆಂಗೋ ಬದ್ಕೊಳ್ಳುತ್ತೆ ಬಿಡಿ, ಬಾವಿ ಪಕ್ಕದ ಊರಿನೋರ ಕಥೆ ಕೇಳೋರು ಯಾರು?

ಸುಮ್ನೆ_ಕೇಳ್ದೆ:
ಓಲೋಯಿಬಿರಿ ಹೆಸರೇ ಕೇಳಿರ್ಲಿಲ್ಲ. ಆದ್ರೂ ಮರಳುಗಾಡಲ್ಲಿ ಬಿಸಿಲಿಗೇನು ಬರ, ಸೋಲಾರ್ ಹಾಕಿ ಕರೆಂಟೇ ಮಾರಬಹುದಲ್ವಾ?

ಲೆಕ್ಕದ_ಮೇಷ್ಟ್ರು:
ಹಾಕ್ತಾನೇ ಇದಾರೆ, ಅಬುಧಾಬಿ ಹತ್ರ ಅಲ್ ದಫ್ರಾ ಅಂತ 2 ಗಿಗಾವ್ಯಾಟ್‌ದು ಒಂದೇ ಕಡೆ ಇದೆ. ಆದ್ರೆ ಎಣ್ಣೇಲಿ ಲಾಭ ಬಂದಿದ್ದು ಕೆಲವ್ರ ಹತ್ರ ಮಾತ್ರ ಇತ್ತು ಅಂತ. ಬಿಸಿಲು ಕೊಳ್ಳೋರ ಮನೆ ಮೇಲೂ ಬೀಳುತ್ತಲ್ಲ ಸಾರ್, ಆ ರೇಟು ಯಾರು ಕೊಡ್ತಾರೆ?